ಹೊಗಳಿಕೆಗೂ ಪುರಾವೆ ಬೇಕು ಕಣವ್ವ

ನಮ್ಮ ಕಡೆಯ ಕಥೆಗಾರರೊಬ್ಬರ ಹೊಸ ಸಂಕಲನಕ್ಕೆ ವಿಮರ್ಶೆ ಬರೆಯಲು ಒಪ್ಪಿಕೊಂಡಿದ್ದೀಯ ಎಂದು ಕೇಳಿ ಸಂತೋಷವಾಯಿತು ಮಗಳೇ. ನಿನ್ನ ಮುಜುಗರವೂ ಅರ್ಥವಾಯಿತು. ಮಂಡ್ಯ, ಮದ್ದೂರು, ಮಳವಳ್ಳಿ ಅಂದರೆ ಎಷ್ಟು ದೂರ? ಪುಸ್ತಕ ಬರೆದವರು, ಮುನ್ನುಡಿ ಬರೆದವರು, ಬಿಡುಗಡೆ ಮಾಡಿದವರು, ಎಲ್ಲರೂ ನಾಳೆ ಯಾವುದೋ ಬೀಗರ ಊಟದ ಪಂಕ್ತಿಯಲ್ಲಿ ನಿನ್ನ ಪಕ್ಕದಲ್ಲೇ ಕೂರುವವರು. ಅದಕ್ಕೇ ನಮ್ಮಲ್ಲಿ ಬಿಡುಗಡೆಯ ದಿನ ವೇದಿಕೆಯಲ್ಲಿ ಆಡಿದ ಮಾತೇ ಎಷ್ಟೋ ಸಲ ವಿಮರ್ಶೆ ಎಂಬ ಹೆಸರಲ್ಲಿ ಅಚ್ಚಾಗುತ್ತದೆ. ಶುಭ ಹಾರೈಸುವುದು ತಪ್ಪಲ್ಲ, ವೇದಿಕೆಯಲ್ಲಿ ಅದು ಇರಲಿ. ಆದರೆ ದುಡ್ಡು ಕೊಟ್ಟು ಪುಸ್ತಕ ಕೊಳ್ಳುವವನಿಗೆ ಬೇಕಾದದ್ದು ಬೇರೆ. ಕಥೆಗಾರ ಏನು ಮಾಡಹೊರಟಿದ್ದಾನೆ, ಅದು ಅವನ ಕೈಗೆ ಹತ್ತಿದೆಯೇ, ಎಲ್ಲಿ ಜಾರಿದೆ ಎಂದು ನೀನು ತೋರಿಸಬೇಕು.

ಮೊದಲು ‘ಮಂಡ್ಯದ ಮಣ್ಣಿನ ಸೊಗಡು’ ಎಂದು ಬರೆಯುವುದನ್ನು ಬಿಡು. ಯಾವ ಪುಸ್ತಕಕ್ಕೆ ಅಂಟಿಸಿದರೂ ಅಂಟುವ ಮಾತು ಯಾವ ಪುಸ್ತಕದ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಮದ್ದೂರು ತಾಲ್ಲೂಕಿನ ಕಥೆಗಾರ ಬೆಸಗರಹಳ್ಳಿ ರಾಮಣ್ಣನವರ ಮೇಲೂ ಆ ಹೊಗಳಿಕೆ ಬೇಕಾದಷ್ಟು ಸುರಿದಿದೆ. ಅವರ ಕಥೆಗಳು ಅದಕ್ಕಿಂತ ಎಷ್ಟೋ ಗಟ್ಟಿ. ರಾಮಣ್ಣ ವೃತ್ತಿಯಿಂದ ವೈದ್ಯರಾಗಿದ್ದರು. ಹಳ್ಳಿಯ ಬಡವ ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಏನಾಗುತ್ತದೆಂದು ಕಣ್ಣಾರೆ ಕಂಡವರು. ಅವರ ‘ಗಾಂಧಿ’ ಕಥೆಯನ್ನು ಇನ್ನೊಮ್ಮೆ ಓದು, ಈ ಸಲ ಪೆನ್ಸಿಲ್ ಹಿಡಿದು. ಕಾಯಿಲೆಯ ಬಡ ಹುಡುಗನಿಗೆ ಆ ಹೆಸರನ್ನೇ ಯಾಕಿಟ್ಟರು? ಆ ಹೆಸರಿನ ಭಾರ ಕಥೆಯೊಳಗಿನವರಿಗೆ ತಟ್ಟುತ್ತದೋ, ಓದುವ ನಮಗೆ ಮಾತ್ರವೋ? ಪಾತ್ರಗಳು ಆಡುವ ಕನ್ನಡಕ್ಕೂ ಕಥೆ ಹೇಳುವವನ ಕನ್ನಡಕ್ಕೂ ನಡುವೆ ಎಷ್ಟು ಅಂತರವಿದೆ, ಅದು ಎಲ್ಲಿ ಕಿರಿದಾಗುತ್ತದೆ? ಸಿಟ್ಟು ಘಟನೆಯಿಂದ ತಾನಾಗಿ ಹುಟ್ಟುತ್ತದೋ, ಲೇಖಕರು ನಡುವೆ ಬಂದು ಹೇಳಿಕೊಡುತ್ತಾರೋ? ಉತ್ತರ ಬರೆಯುವಾಗ ಕಥೆಯ ಆ ಜಾಗವನ್ನೇ ಎತ್ತಿ ಓದುಗನ ಮುಂದಿಡು. ಆಗ ಅವನು ನಿನ್ನನ್ನು ಒಪ್ಪಬಹುದು, ಜಗಳಕ್ಕೂ ಬರಬಹುದು. ಬರಿ ‘ಮನಮುಟ್ಟುವ ಕಥೆ’ ಎಂದರೆ ಅವನಿಗೆ ಎರಡಕ್ಕೂ ದಾರಿಯಿಲ್ಲ.

ಕೃತಿ ಯಾವ ಜಾತಿಯದೋ ಅದಕ್ಕೆ ತಕ್ಕ ಅಳತೆಗೋಲು ಹಿಡಿಯಬೇಕು. ಮಳವಳ್ಳಿ ಸೀಮೆಯಲ್ಲಿ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠವಿದೆ. ಆ ಪರಂಪರೆಯ ಗಾಯಕರಾದ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯ ಈಗ ಪುಸ್ತಕವಾಗಿಯೂ ಸಿಗುತ್ತದೆ. ಪುಸ್ತಕ ಹಿಡಿದು ಕೂತವರಿಗೆ ಒಂದೇ ಸಾಲು ಮತ್ತೆ ಮತ್ತೆ ಬಂದಂತೆ ಕಾಣುತ್ತದೆ, ‘ಪುನರುಕ್ತಿ ದೋಷ’ ಎಂದು ಬರೆಯಲು ಕೈ ತುರಿಸುತ್ತದೆ. ಹಾಡುವವನಿಗೆ ಆ ಸಾಲು ಮುಂದಿನ ಪ್ರಸಂಗವನ್ನು ನೆನೆಯಲು ಸಿಗುವ ಬಿಡುವು. ಹಿಮ್ಮೇಳದವರು ದನಿಗೂಡಿಸುವುದೂ ಅಲ್ಲೇ. ಒಂದು ರಾತ್ರಿ ಕೂತು ಕೇಳು, ಆಮೇಲೆ ಬರೆ.

ಅಳತೆಗೋಲು ತಪ್ಪಿದ್ದಕ್ಕೆ ಇನ್ನೊಂದು ಉದಾಹರಣೆ ತ್ರಿವೇಣಿ. 1928ರಲ್ಲಿ ಮಂಡ್ಯದಲ್ಲಿ ಹುಟ್ಟಿದ ಅವರನ್ನು ಬಹುಕಾಲ ‘ಜನಪ್ರಿಯ ಕಾದಂಬರಿಗಾರ್ತಿ’ ಎಂದು ಬದಿಗಿಟ್ಟರು. ಇದು ನನಗೆ ಇವತ್ತಿಗೂ ನೋವಿನ ವಿಷಯ. ಹೆಣ್ಣಿನ ಮನಸ್ಸು ಕೆಡುವುದನ್ನು, ಗುಣವಾದ ಮೇಲೂ ಮನೆಯವರೇ ಅವಳನ್ನು ನಂಬದಿರುವುದನ್ನು ಅವರ ‘ಶರಪಂಜರ’ ಕಾದಂಬರಿ ಚಿತ್ರಿಸಿತು. ಎಷ್ಟು ಜನ ಓದಿದರು ಎಂಬುದು ಮಾರಾಟದ ಲೆಕ್ಕ; ಕಾದಂಬರಿಯ ಬೆಲೆ ಅದರಿಂದ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಪುಟ್ಟಣ್ಣ ಕಣಗಾಲರು ಅದನ್ನು ಆಧರಿಸಿ ತೆಗೆದ ಸಿನಿಮಾ ನೋಡಿ ಕಾದಂಬರಿಯ ಬಗ್ಗೆ ಬರೆಯುವವರೂ ಇದ್ದಾರೆ. ನೀನು ಹಾಗೆ ಮಾಡಬೇಡ.

ದೋಷ ಕಂಡರೆ ಅಡಗಿಸಬೇಡ. ದೋಷ ಕೃತಿಯದು, ಮನುಷ್ಯನದಲ್ಲ. ಲೇಖಕರ ಜಾತಿ, ಪಕ್ಷ, ನೌಕರಿ, ಪ್ರಶಸ್ತಿ ಯಾವುದೂ ನಿನ್ನ ಬರಹದೊಳಗೆ ಕಾಲಿಡದಿರಲಿ. ಹೊಗಳಿಕೆಗೂ ಇದೇ ಕಟ್ಟುಪಾಡು. ಪುರಾವೆಯಿಲ್ಲದ ಬೈಗುಳದಿಂದ ಒಬ್ಬ ಲೇಖಕನಿಗೆ ನೋವಾಗುತ್ತದೆ, ಪುರಾವೆಯಿಲ್ಲದ ಹೊಗಳಿಕೆಯಿಂದ ಅವನ ಮುಂದಿನ ಪುಸ್ತಕವೇ ಕೆಡುತ್ತದೆ. ಎರಡನೆಯದೇ ಹೆಚ್ಚು ಅಪಾಯ ಎಂದು ನಾನು ತಿಳಿದಿದ್ದೇನೆ. ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್, ಹೊಸಹೊಳಲಿನ ಸುಜನಾ, ಇಬ್ಬರೂ ನಮ್ಮ ಜಿಲ್ಲೆಯವರೇ. ದನಿ ಎತ್ತರಿಸದೆ ಖಚಿತವಾಗಿ ಹೇಳುವುದು ಹೇಗೆಂದು ಅವರ ವಿಮರ್ಶೆಗಳನ್ನು ಓದಿ ಕಲಿ.

ಬರೆದಾದ ಮೇಲೆ ಎರಡು ದಿನ ಪಕ್ಕಕ್ಕಿಡು. ಆಮೇಲೆ ನೀನೇ ಗಟ್ಟಿಯಾಗಿ ಓದಿಕೊಂಡು, ಲೇಖಕರ ಎದುರು ಕೂತು ಹೇಳಲಾಗದ ವಾಕ್ಯವಿದ್ದರೆ ತಿದ್ದು. ಅಚ್ಚಿಗೆ ಹೋಗುವ ಮುಂಚೆ ಅವರಿಗೆ ತೋರಿಸಲು ಮಾತ್ರ ಹೋಗಬೇಡ, ಅವರಾಗಿ ಕೇಳಿದರೂ ಕೊಡಬೇಡ. ನೇರವಾಗಿ ಪತ್ರಿಕೆಗೆ ಕಳಿಸು.