ಗಾಳದ ಗಂಟು ಜಾರದಿರಬೇಕಾದರೆ



ಕೆರೆಗೆ ಹೊಸ ನೀರು ಬಂದಿತೆಂದರೆ ನಮ್ಮ ಹೊಸೂರು ಸೀಮೆಯ ಹುಡುಗರ ಕೈಗೆ ಗಾಳ ಬಂದಿತೆಂದೇ ತಿಳಿಯಬೇಕು. ಹೋದ ವರ್ಷ ನನ್ನ ತರಗತಿಯ ಹುಡುಗನೊಬ್ಬ ಬೆಳಗ್ಗೆಯೇ ಮನೆಗೆ ಬಂದು, "ಮೇಷ್ಟ್ರೇ, ದೊಡ್ಡ ಕಾಟ್ಲಾ ಸಿಕ್ಕಿತ್ತು, ದಾರ ಹರಿದುಕೊಂಡು ಹೋಯಿತು. ಅಂಗಡಿಯವರು ಕೆಟ್ಟ ದಾರ ಕೊಟ್ಟಿದ್ದಾರೆ" ಎಂದು ಅಳುಮುಖ ಮಾಡಿದ. ಉಳಿದ ದಾರವನ್ನು ಈಸಿಕೊಂಡು ನೋಡಿದೆ. ಅದರ ತುದಿ ಕುಂಬಳ ಬಳ್ಳಿಯ ಕುಡಿಯಂತೆ ಸುರುಳಿ ಸುತ್ತಿಕೊಂಡಿತ್ತು. ದಾರ ಹರಿದಿರಲಿಲ್ಲ, ಗಂಟು ಜಾರಿ ಬಿಚ್ಚಿಕೊಂಡಿತ್ತು.

ಈ ಗುರುತನ್ನು ಎಲ್ಲರೂ ತಿಳಿದಿರಬೇಕು. ತುದಿ ಸುರುಳಿಯಾಗಿದ್ದರೆ ತಪ್ಪು ಗಂಟಿನದು. ತುದಿಯ ಹತ್ತಿರ ದಾರ ಒರಟಾಗಿ ಸವೆದಿದ್ದರೆ ಅದು ಕಲ್ಲಿಗೋ ಮುಳ್ಳಿಗೋ ಉಜ್ಜಿದೆ. ಅಂಗಡಿಯವರನ್ನು ಬಯ್ಯುವುದು ಇವೆರಡನ್ನೂ ನೋಡಿದ ಮೇಲಾಗಲಿ.

ನಮ್ಮ ಹಿರಿಯರು ಹತ್ತಿಯ ಹುರಿಗೆ ಎರಡು ಗಂಟು ಬಿಗಿದು ಗಾಳ ಹಾಕುತ್ತಿದ್ದರು. ಅದು ನಿಲ್ಲುತ್ತಿತ್ತು, ಏಕೆಂದರೆ ಹತ್ತಿಯ ಎಳೆ ಒರಟು, ನೀರು ಕುಡಿದರೆ ಉಬ್ಬಿ ಇನ್ನೂ ಬಿಗಿಯುತ್ತದೆ. ನೈಲಾನ್ 1935ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ ಹುಟ್ಟಿದ ವಸ್ತು, ಗಾಜಿನಂತೆ ನುಣುಪು. ಹುರಿಯ ಗಂಟನ್ನು ಅದಕ್ಕೆ ಹಾಕಿದರೆ ಮೀನು ಜಗ್ಗಿದಾಗ ಜಾರಿಹೋಗುತ್ತದೆ. ದಾರ ಬದಲಾಯಿತು, ನಾವು ಮಾತ್ರ ಗಂಟು ಬದಲಾಯಿಸಲಿಲ್ಲ.

ಈಗ ಪಾಠಕ್ಕೆ ಬರೋಣ. ಮೊದಲು ಬಾವಿಯ ಹಗ್ಗದ ಒಂದು ತುಂಡು, ಒಂದು ಕಬ್ಬಿಣದ ಬಳೆ ತೆಗೆದುಕೊಳ್ಳಿ. ದೊಡ್ಡದರಲ್ಲಿ ಕಣ್ಣು ಕಲಿತದ್ದನ್ನು ಚಿಕ್ಕದರಲ್ಲಿ ಬೆರಳು ತಾನೇ ಮಾಡುತ್ತದೆ. ಬಳೆಯೇ ಕೊಕ್ಕೆಯ ಕಣ್ಣು ಎಂದುಕೊಳ್ಳಿ. ತುದಿಯನ್ನು ಅದರಲ್ಲಿ ತೂರಿಸಿ ಸಾಕಷ್ಟು ಉದ್ದ ಈಚೆಗೆ ಎಳೆದು, ಮೂಲ ಹಗ್ಗದ ಮೇಲೆ ಐದು ಸುತ್ತು ಸುತ್ತಿ. ಬಳೆಯ ಪಕ್ಕದಲ್ಲೇ, ಮೊದಲ ಸುತ್ತಿಗೂ ಬಳೆಗೂ ನಡುವೆ, ಒಂದು ಪುಟ್ಟ ಕಿಂಡಿ ಉಳಿದಿರುತ್ತದೆ. ತುದಿಯನ್ನು ಹಿಂದಕ್ಕೆ ತಂದು ಆ ಕಿಂಡಿಯಲ್ಲಿ ತೂರಿಸಿ. ಹಾಗೆ ತೂರಿಸುವಾಗ ಮಗ್ಗುಲಲ್ಲಿ ಇನ್ನೊಂದು ದೊಡ್ಡ ಕುಣಿಕೆ ಆಗುತ್ತದೆ. ತುದಿ ಅದರೊಳಗೂ ಒಮ್ಮೆ ಹಾಯಬೇಕು. ಅನೇಕರು ಮರೆಯುವುದು ಈ ಕೊನೆಯ ಹಾಯಿಸುವಿಕೆಯನ್ನೇ. ಇದಕ್ಕೆ ಕ್ಲಿಂಚ್ ಗಂಟು ಎಂದು ಹೆಸರು.

ದಾರದಲ್ಲಿ ಮಾಡುವಾಗ ಬಿಗಿಯುವ ಮೊದಲು ಗಂಟನ್ನು ನೀರಿನಲ್ಲಿ ಅದ್ದಿ. ಒಣ ನೈಲಾನನ್ನು ರಭಸದಿಂದ ಎಳೆದರೆ ಉಜ್ಜುವ ಬಿಸಿಗೆ ಅದರ ಬಲ ಕುಗ್ಗುತ್ತದೆ. ಮೂಲ ದಾರವನ್ನು ನಿಧಾನವಾಗಿ ಎಳೆಯಿರಿ. ಸುತ್ತುಗಳು ಒಂದರ ಮೇಲೊಂದು ಹತ್ತದೆ, ಕೈಗೆ ಹಾಕಿದ ಬಳೆಗಳಂತೆ ಸಾಲಾಗಿ ಕೂಡಬೇಕು. ಹತ್ತಿದ್ದರೆ ಮುಲಾಜಿಲ್ಲದೆ ಕತ್ತರಿಸಿ ಇನ್ನೊಮ್ಮೆ ಕಟ್ಟಿ. ಉಳಿದ ತುದಿಯನ್ನು ಜೋಳದ ಕಾಳಿನಷ್ಟು ಬಿಟ್ಟು ಕತ್ತರಿಸಬಹುದು.

ಚಿಕ್ಕ ಮಕ್ಕಳಿಗೆ ಇದಕ್ಕಿಂತ ಪಾಲೋಮಾರ್ ಗಂಟು ಸುಲಭವೆಂದು ನನ್ನ ಅನುಭವ. ದಾರವನ್ನು ಒಂದು ಗೇಣು ಮಡಚಿ, ಮಡಿಕೆಯನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ. ಆ ಜೋಡಿ ದಾರದಿಂದಲೇ ಒಂದು ಸಾದಾ ಗಂಟು ಹಾಕಿ, ಬಿಗಿಯಬೇಡಿ. ಮಡಿಕೆಯ ಕುಣಿಕೆಯೊಳಗೆ ಇಡೀ ಕೊಕ್ಕೆಯನ್ನು ದಾಟಿಸಿ, ಒದ್ದೆ ಮಾಡಿ ಎಳೆದರೆ ಮುಗಿಯಿತು. ಕೊಕ್ಕೆಯ ಕಣ್ಣು ಜೋಡಿ ದಾರ ಹಿಡಿಸುವಷ್ಟು ದೊಡ್ಡದಿರಬೇಕು, ಅಷ್ಟೆ.

ಪರೀಕ್ಷೆ ಮನೆಯಲ್ಲೇ ಆಗಲಿ. ಕೊಕ್ಕೆಯನ್ನು ಮರದ ಕಂಬಕ್ಕೆ ಸಿಕ್ಕಿಸಿ, ಕೈಗೆ ಬಟ್ಟೆ ಸುತ್ತಿಕೊಂಡು, ಮುಖವನ್ನು ಒಂದು ಮಗ್ಗುಲಿಗೆ ಇಟ್ಟುಕೊಂಡು ಜಗ್ಗಿ. ಕೊಕ್ಕೆ ಹಾರಿ ಕಣ್ಣಿಗೆ ಬಿದ್ದರೆ ಯಾವ ಮೀನೂ ಅದಕ್ಕೆ ಸಮನಲ್ಲ.

ನಮ್ಮ ಹುಡುಗ ಒಂದು ವಾರ ಕಂಬದ ಮುಂದೆ ಕೂತು ಕಟ್ಟಿದ. ಆಮೇಲೆ ಅವನಿಗೆ ಸಿಕ್ಕಿದ್ದು ಅಂಗೈಯಷ್ಟು ಜಿಲೇಬಿ ಮೀನುಗಳು, ಆದರೆ ಒಂದೂ ಕೊಕ್ಕೆ ನುಂಗಿಕೊಂಡು ಹೋಗಲಿಲ್ಲ.

ಇನ್ನೊಂದು ಮಾತು. ಹರಿದ ದಾರವನ್ನು ದಡದಲ್ಲಿ ಎಸೆಯಬೇಡಿ. ಹತ್ತಿಯಂತೆ ಅದು ಬೇಗ ಕೊಳೆಯುವುದಿಲ್ಲ. ನೀರು ಕುಡಿಯಲು ಇಳಿದ ನನ್ನ ಕರುವಿನ ಕಾಲಿಗೆ ಅಂಥದೊಂದು ತುಂಡು ಸುತ್ತಿಕೊಂಡು ಚರ್ಮದೊಳಕ್ಕೆ ಇಳಿದಿತ್ತು. ಬಿಡಿಸುವಾಗ ಅದು ಒದ್ದಾಡಿದ್ದನ್ನು ನಾನು ಮರೆತಿಲ್ಲ. ತುಂಡುಗಳನ್ನು ಜೇಬಿಗೆ ಹಾಕಿಕೊಂಡು ಮನೆಗೆ ತನ್ನಿ, ಸಣ್ಣಗೆ ಕತ್ತರಿಸಿ ಕಸದ ಬುಟ್ಟಿಗೆ ಹಾಕಿ.