ಲಿಂಕ್ ಹಾಕುವ ಮುನ್ನ ಬೆಟ್ಟ ಹತ್ತು

ಊರು ಬಿಡದೆ ಫೋನಿನಲ್ಲೇ ದುಡಿದು ಬದುಕುತ್ತೇನೆ ಎಂದು ನೀನು ಹೇಳಿದಾಗ ಮನೆಯಲ್ಲಿ ತಲೆಗೊಂದು ಮಾತು ಬಂತು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಚಳ್ಳಕೆರೆಯವರಿಗೆ ಕಮಿಷನ್ ವ್ಯವಹಾರ ಹೊಸದಲ್ಲ. ಶೇಂಗಾ ಬೆಳೆದವರಿಗೂ ಎಣ್ಣೆ ಗಿರಣಿಯವರಿಗೂ ನಡುವೆ ನಿಂತು ಎಷ್ಟೋ ಮಂಡಿಯವರು ಮಕ್ಕಳನ್ನು ಓದಿಸಿದ್ದಾರೆ, ಮನೆ ಕಟ್ಟಿದ್ದಾರೆ. ರೈತ ಯಾವ ಮಂಡಿಯ ಮುಂದೆ ಚೀಲ ಇಳಿಸುತ್ತಿದ್ದ? ತೂಕ ಸರಿಯಿರುವ, ದುಡ್ಡಿಗೆ ಅಲೆಸದ ಮಂಡಿಯ ಮುಂದೆ. ಪ್ರವಾಸದ ಬರಹಗಳ ಮೂಲಕ ನೀನು ಹಿಡಿಯಹೊರಟಿರುವ ಅಫಿಲಿಯೇಟ್ ಮಾರ್ಕೆಟಿಂಗ್ ಅದೇ ಕಸುಬು, ತಕ್ಕಡಿಯ ಬದಲು ಲಿಂಕ್ ಬಂದಿದೆ ಅಷ್ಟೆ. ಅದಕ್ಕೇ ನಾಲ್ಕು ಮಾತು ಹೇಳಬೇಕೆನಿಸಿತು.

ಮೊದಲು ದುಡ್ಡಿನ ಲೆಕ್ಕ. ಅಮೆಜಾನ್ ಈ ಪದ್ಧತಿಯನ್ನು ಶುರುಮಾಡಿದ್ದು 1996ರಲ್ಲಿ. ನಿನಗೊಂದು ಗುರುತಿನ ಲಿಂಕ್ ಕೊಡುತ್ತಾರೆ. ಅದನ್ನು ಒತ್ತಿದವರು ಆ ಗುರುತು ಬ್ರೌಸರಿನಲ್ಲಿ ಉಳಿದಿರುವಷ್ಟು ಹೊತ್ತಿನೊಳಗೆ ಕೊಂಡರೆ ಕಮಿಷನ್ ನಿನ್ನದು. ಅಮೆಜಾನಿನಲ್ಲಿ ಆ ಹೊತ್ತು ಸಾಮಾನ್ಯವಾಗಿ 24 ಗಂಟೆ. ಪ್ರವಾಸದ ವೆಬ್‌ಸೈಟುಗಳಲ್ಲಿ ಇನ್ನೊಂದು ಕಟ್ಟುಪಾಡು ಇರುತ್ತದೆ: ರೂಮು ಕಾದಿರಿಸಿದರೆ ಸಾಲದು, ಅತಿಥಿ ಬಂದು, ಉಳಿದು, ಹೊರಟ ಮೇಲೆಯೇ ಕಮಿಷನ್ ಗಟ್ಟಿ. ರದ್ದಾದರೆ ಏನೂ ಇಲ್ಲ. ಸುಮ್ಮನೆ ಲೆಕ್ಕಕ್ಕೆ ಹಿಡಿ: 1,500 ರೂಪಾಯಿಯ ರೂಮು, ನಿನ್ನ ಪಾಲು ನೂರಕ್ಕೆ ನಾಲ್ಕು. ಕೈಗೆ ಬರುವುದು 60 ರೂಪಾಯಿ. ತಿಂಗಳಿಗೆ 15,000 ಬೇಕೆಂದರೆ 250 ಜನ ನಿನ್ನ ಮಾತು ನಂಬಿ ರೂಮು ಹಿಡಿದು ಉಳಿದು ಹೋಗಬೇಕು. ಲಿಂಕ್ ಒತ್ತಿದ ಎಲ್ಲರೂ ರೂಮು ಹಿಡಿಯುವುದಿಲ್ಲ. ಹಾಗಾದರೆ ಓದುಗರು ಎಷ್ಟು ಸಾವಿರ ಬೇಕು, ನೀನೇ ಗುಣಿಸು. ಆಗದ ಕೆಲಸ ಎನ್ನುತ್ತಿಲ್ಲ. ಆದರೆ ಮೊದಲ ಒಂದೆರಡು ವರ್ಷ ಬೇರೆ ಸಂಪಾದನೆ ಕೈಯಲ್ಲಿರಲಿ. ಇದನ್ನೇ ನೆಚ್ಚಿ ಸಾಲ ಎತ್ತಬೇಡ, ಅಪ್ಪನ ಜಮೀನಿನ ಕಾಗದಕ್ಕೆ ಕೈ ಹಾಕಬೇಡ.

ಇನ್ನೊಂದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. 'ಹೋಟೆಲಿಗೆ ಸ್ಟಾರ್ ಒತ್ತಿ, ಮನೆಯಲ್ಲೇ ಕೂತು ದಿನಕ್ಕೆ ಸಾವಿರಾರು ಗಳಿಸಿ' ಎಂದು ವಾಟ್ಸಾಪಿನಲ್ಲೋ ಟೆಲಿಗ್ರಾಮಿನಲ್ಲೋ ಬರುತ್ತದಲ್ಲ, ಅದು ಅಫಿಲಿಯೇಟ್ ಕೆಲಸವೇ ಅಲ್ಲ. ಮೊದಲ ದಿನ ನೂರೋ ಇನ್ನೂರೋ ನಿಜವಾಗಿಯೇ ಹಾಕುತ್ತಾರೆ. ನಂಬಿಕೆ ಹುಟ್ಟಿದ ಮೇಲೆ 'ಪ್ರೀಪೇಯ್ಡ್ ಟಾಸ್ಕ್' ಎಂದು ಐದು ಸಾವಿರ ಕೇಳುತ್ತಾರೆ, ಆಮೇಲೆ ಐವತ್ತು ಸಾವಿರ. ಪರದೆಯ ಮೇಲೆ ನಿನ್ನ ಹೆಸರಿನಲ್ಲಿ ಲಕ್ಷ ಕಾಣಿಸುತ್ತದೆ, ತೆಗೆಯಲು ಹೋದರೆ 'ತೆರಿಗೆ ಕಟ್ಟಿ' ಎನ್ನುತ್ತಾರೆ. ಓದಿದವರೂ ಇದರಲ್ಲಿ ಕಳೆದುಕೊಂಡಿದ್ದಾರೆ. ಕೆಲಸ ಕೊಡುವವರು ನಿನ್ನಿಂದಲೇ ದುಡ್ಡು ಕೇಳಿದರೆ ಅಲ್ಲಿಗೇ ಎದ್ದುಬಿಡು. ಸದಸ್ಯರನ್ನು ಸೇರಿಸಿದರೆ ಕಮಿಷನ್ ಎನ್ನುವ ಸರಪಳಿಯೂ ಬೇಡ. ಇಂಥ ಹಣ ಚಲಾವಣೆ ಯೋಜನೆಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ. ಯಾರಾದರೂ ಸಿಕ್ಕಿಬಿದ್ದರೆ ನಾಚಿಕೆಪಟ್ಟು ಕೂರದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನೀನು ತೋರಿಸಿದ ಬರಹಗಳೆಲ್ಲ ಮಾಲ್ಡೀವ್ಸ್, ಬಾಲಿ, ದುಬೈ. ನೀನು ನೋಡಿಲ್ಲ, ಫೋಟೋ ಯಾರದೋ, ಮಾತು ಎಲ್ಲಿಂದಲೋ ಎತ್ತಿದ್ದು. ಅಂಥವನ್ನು ಲಕ್ಷ ಜನ ಬರೆದು ಹಾಕಿದ್ದಾರೆ. ಅವರ ನಡುವೆ ನಿನ್ನನ್ನು ಯಾರು ಹುಡುಕಿಕೊಂಡು ಬರುತ್ತಾರೆ? ನಿನ್ನ ಮನೆಯಿಂದ ಬಸ್ಸಿನ ದೂರದಲ್ಲಿ ಏನಿದೆ ನೋಡು. ಮೊಳಕಾಲ್ಮೂರು ತಾಲ್ಲೂಕು ಒಂದರಲ್ಲೇ ಅಶೋಕನ ಮೂರು ಶಾಸನಗಳಿವೆ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದರು. ಶಾಸನದಲ್ಲಿ ಬರುವ ಇಸಿಲ ಇದೇ ನೆಲದ ಹಳೆಯ ಪಟ್ಟಣ. ಬರೆದ ಲಿಪಿಕಾರನ ಹೆಸರೂ ಉಳಿದಿದೆ, ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ 'ಲಿಪಿಕಾರ' ಎಂಬುದನ್ನು ಮಾತ್ರ ದೂರದ ಗಾಂಧಾರದ ಕಡೆಯ ಖರೋಷ್ಠಿಯಲ್ಲಿ ಬರೆದಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಬರೆದದ್ದಕ್ಕೆ ತನ್ನ ಹೆಸರು ಹಾಕಿ ಹೋದವನು! ನೀನೂ ಹೆಸರು ಹಾಕಿ ಬರೆ. ಹೆಸರು ಹಾಕಲು ಕೈ ಅಳುಕಿದರೆ ಆ ಬರಹ ಬೇಡವೇ ಬೇಡ.

ಇಷ್ಟೆಲ್ಲ ಇದ್ದರೂ ಹೊರಗಿನಿಂದ ಬರುವವನಿಗೆ ಬೇಕಾದ ಸಣ್ಣ ಸಂಗತಿಗಳು ಎಲ್ಲೂ ಒಟ್ಟಿಗೆ ಸಿಗುವುದಿಲ್ಲ. ಬ್ರಹ್ಮಗಿರಿಗೆ ರಾಂಪುರದ ಕಡೆಯಿಂದ ಹೋಗುವುದೋ, ಮೊಳಕಾಲ್ಮೂರಿನ ಕಡೆಯಿಂದಲೋ? ಕೊನೆಯ ಬಸ್ಸು ಎಷ್ಟಕ್ಕೆ? ಜಟಿಂಗ ರಾಮೇಶ್ವರ ಬೆಟ್ಟಕ್ಕೆ ವಯಸ್ಸಾದ ತಾಯಿಯನ್ನು ಕರೆದೊಯ್ಯಬಹುದೇ? ಕುಡಿಯುವ ನೀರು ಎಲ್ಲಿ ಸಿಗುತ್ತದೆ? ನಮ್ಮದು ಮಳೆ ಕಡಿಮೆಯ ಸೀಮೆ, ಏಪ್ರಿಲ್‌ನ ಮಧ್ಯಾಹ್ನ ಬಂಡೆಯ ಮೇಲೆ ನಿಲ್ಲಲಾಗದು ಎಂದು ಬೆಂಗಳೂರಿನವರಿಗೆ ಯಾರು ಹೇಳಬೇಕು? ನೀನು ಹೇಳು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಬರುವ ಕುಟುಂಬ ರಾತ್ರಿ ಎಲ್ಲಿ ತಂಗಬೇಕು, ಒಳಮಠ ಹೊರಮಠ ಎರಡನ್ನೂ ನೋಡಲು ಎಷ್ಟು ಹೊತ್ತು ಬೇಕು ಎಂದು ಬರೆ. ಕುದಾಪುರದ ಐಐಎಸ್‌ಸಿ ಕ್ಯಾಂಪಸ್ಸಿಗೆ ದೇಶದ ನಾನಾ ಕಡೆಯಿಂದ ಶಿಕ್ಷಕರು ತರಬೇತಿಗೆ ಬರುತ್ತಾರೆ. ಬಿಡುವಿನ ಭಾನುವಾರ ಎಲ್ಲಿಗೆ ಹೋಗಬಹುದು ಎಂದು ಅವರಿಗೆ ಕನ್ನಡ, ಹಿಂದಿ ಎರಡರಲ್ಲೂ ತಿಳಿಸು. ಇಂಥವರು ನಿನ್ನ ಮಾತಿನಂತೆ ಹೋಗಿ ಬಂದು, ಹೇಳಿದ್ದು ನಿಜವಿತ್ತು ಎಂದುಕೊಂಡರೆ, ನಾಳೆ ಹಂಪಿಗೋ ಬಾದಾಮಿಗೋ ಹೊರಟಾಗ ರೂಮಿನ ಲಿಂಕನ್ನು ನಿನ್ನಲ್ಲೇ ಹುಡುಕುತ್ತಾರೆ. ಬ್ರಹ್ಮಗಿರಿಯ ಬರಹದಿಂದ ಕಮಿಷನ್ ಬಾರದಿದ್ದರೂ ಓದುಗ ಬರುತ್ತಾನೆ. ಈ ಕಸುಬಿಗೆ ಅವನೇ ಬಂಡವಾಳ.

ಲಿಂಕಿನಿಂದ ನಿನಗೆ ಹಣ ಬರುತ್ತದೆ ಎಂಬುದನ್ನು ಮುಚ್ಚಿಡಬೇಡ. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಇದಕ್ಕೆ ಮಾರ್ಗಸೂಚಿಯನ್ನೇ ಹೊರಡಿಸಿದೆ. ಬರಹ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ, ಕಣ್ಣಿಗೆ ಬೀಳುವಂತೆ ತಿಳಿಸಬೇಕು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. 'ಈ ಲಿಂಕಿನಿಂದ ರೂಮು ಹಿಡಿದರೆ ನನಗೆ ಸ್ವಲ್ಪ ಕಮಿಷನ್ ಬರುತ್ತದೆ' ಎಂದು ಮೇಲೆಯೇ ಬರೆ. ಓದುಗರು ಅದಕ್ಕೆ ಮುನಿಯುವುದಿಲ್ಲ.

ಮೊಳಕಾಲ್ಮೂರು ಸೀರೆಯ ಲಿಂಕ್ ಹಾಕುವ ಆಸೆಯೂ ನಿನಗಿದೆ ಎಂದು ಗೊತ್ತು. ಅಲ್ಲಿ ಇನ್ನೂ ಎಚ್ಚರ ಬೇಕು. ಭೌಗೋಳಿಕ ಸೂಚಕದ ಮಾನ್ಯತೆ ಇರುವ ಕೈಮಗ್ಗದ ಸೀರೆ ಅದು. ಅದರ ಹೆಸರಿನಲ್ಲಿ ಪವರ್‌ಲೂಮಿನ ಸರಕು ಕಡಿಮೆ ಬೆಲೆಗೆ ಬಿಕರಿಯಾದರೆ ಪೆಟ್ಟು ಬೀಳುವುದು ನಿನ್ನ ಪಕ್ಕದ ತಾಲ್ಲೂಕಿನ ಮಗ್ಗಕ್ಕೆ. ಮಗ್ಗದ ಮನೆಗೆ ಹೋಗಿ ಕೂತು ನೋಡು, ರೇಷ್ಮೆಗೆ ಸಿಲ್ಕ್ ಮಾರ್ಕ್ ಇದೆಯೇ ಕೇಳು, ಕೈಯಲ್ಲಿ ಹಿಡಿದು ನೋಡಿದ್ದನ್ನಷ್ಟೇ ಕೊಳ್ಳಿರಿ ಎನ್ನು.

ಉಳಿದದ್ದು ಕಾಗದ ಪತ್ರ. ಪ್ಯಾನ್, ಬ್ಯಾಂಕ್ ಖಾತೆ ನಿನ್ನ ಹೆಸರಿನಲ್ಲೇ ಇರಲಿ. ಕಮಿಷನ್ನಿನಲ್ಲಿ ಟಿಡಿಎಸ್ ಹಿಡಿದಿದ್ದರೆ ಗುರುತು ಹಾಕಿಕೊಂಡು ವರ್ಷವರ್ಷ ರಿಟರ್ನ್ ಸಲ್ಲಿಸು. ನಿನ್ನದೇ ಲಿಂಕಿನಿಂದ ನೀನೇ ಕೊಂಡು ಕಮಿಷನ್ ಪಡೆಯಲು ಹೋಗಬೇಡ, ಖಾತೆಯನ್ನೇ ಮುಚ್ಚುತ್ತಾರೆ. ಫೇಸ್‌ಬುಕ್ಕನ್ನೇ ನೆಚ್ಚದೆ ಸ್ವಂತ ವೆಬ್‌ಸೈಟ್ ಮಾಡಿಕೊ.

ಬಿಸಿಲು ಇಳಿದ ಮೇಲೆ ಒಂದು ದಿನ ಬ್ರಹ್ಮಗಿರಿಗೆ ಹೋಗಿ ಬಾ. ಬರೆದದ್ದನ್ನು ಹಾಕುವ ಮುಂಚೆ ನನಗೊಮ್ಮೆ ಕಳಿಸು, ಬಸ್ಸಿನ ವೇಳೆಯನ್ನು ಸ್ಟ್ಯಾಂಡಿನಲ್ಲಿ ನಾನೇ ವಿಚಾರಿಸಿ ಹೇಳುತ್ತೇನೆ.