ಇಂದಿನ ಧಮ್ಮ ಚಿಂತನೆ: ಐದನೆಯ ಶೀಲ ಒಬ್ಬನೇ ಹೊರುವ ಹೊರೆಯಲ್ಲ



ಕಳೆದ ಭಾನುವಾರ ವಂದನೆ ಮುಗಿದು ಎಲ್ಲರೂ ಹೊರಡುವಾಗ ಒಬ್ಬ ತಂಗಿ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. "ಅಣ್ಣ, ನಮ್ಮ ಯಜಮಾನ್ರು ಬುದ್ಧಪೂರ್ಣಿಮೆ ದಿನ ಪಂಚಶೀಲ ತಗೊಂಡ್ರು. ಎರಡು ತಿಂಗಳು ಮುಟ್ಟಲಿಲ್ಲ. ಮೊನ್ನೆ ಮತ್ತೆ ಕುಡ್ಕೊಂಡು ಬಂದ್ರು. ಈಗ ವಿಹಾರಕ್ಕೆ ಬರೋಕೆ ನಾಚಿಕೆ ಅಂತಾರೆ. ಶೀಲ ಮುರಿದುಹೋಯ್ತಾ ಅಣ್ಣ? ಇನ್ನು ಬರಬಾರದಾ?"

ಆಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. "ಕರ್ಕೊಂಡು ಬನ್ನಿ" ಅಂದೆ, ಅಷ್ಟೇ. ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಂದು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪುಗಳೂ ಇವೆ.

*ಶೀಲದ ಪದಗಳು ಏನು ಹೇಳುತ್ತವೆ?*

ನಾವು ಪ್ರತಿ ವಾರ ಹೇಳುವ ಐದನೆಯ ಶೀಲದ ಪದಗಳನ್ನು ಬಿಡಿಸಿ ನೋಡೋಣ. 'ಸುರಾ' ಎಂದರೆ ಹಿಟ್ಟು, ಅಕ್ಕಿ ಮುಂತಾದವುಗಳಿಂದ ಮಾಡಿದ ಮದ್ಯ. 'ಮೇರಯ' ಎಂದರೆ ಹೂವು, ಹಣ್ಣು, ಬೆಲ್ಲಗಳಿಂದ ಹುಳಿ ಬರಿಸಿದ್ದು. 'ಮಜ್ಜ' ಎಂದರೆ ಮತ್ತು ತರುವಂಥದ್ದು. 'ಪಮಾದಟ್ಠಾನ' ಎಂದರೆ ಎಚ್ಚರ ತಪ್ಪುವ ಜಾಗ. 'ವೇರಮಣಿ' ಎಂದರೆ ದೂರ ಇರುವುದು. 'ಸಿಕ್ಖಾಪದ' ಎಂದರೆ ಕಲಿಕೆಯ ಮೆಟ್ಟಿಲು. 'ಸಮಾದಿಯಾಮಿ' ಎಂದರೆ ನಾನಾಗಿಯೇ ಕೈಗೊಳ್ಳುತ್ತೇನೆ.

ಇಲ್ಲಿ ದೇವರ ಅಪ್ಪಣೆ ಇಲ್ಲ. ತಪ್ಪಿದರೆ ಶಾಪ ಇಲ್ಲ, ತಪ್ಪುಕಾಣಿಕೆ ಇಲ್ಲ. ಕಲಿಯುವವನು ಮೆಟ್ಟಿಲು ಜಾರಿದರೆ ಮತ್ತೆ ಅದೇ ಮೆಟ್ಟಿಲ ಮೇಲೆ ಕಾಲಿಡಬೇಕು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ 17ನೆಯದೂ ಮದ್ಯದ ಬಗ್ಗೆಯೇ ಇದೆ. ಅದನ್ನೂ ಪ್ರತಿಯೊಬ್ಬರೂ 'ನಾನು' ಎಂದೇ ಹೇಳಿಕೊಳ್ಳುತ್ತೇವೆ. ಬೇರೆಯವರ ಮೇಲೆ ಬೆರಳು ತೋರಿಸಲು ಅದನ್ನು ನಮಗೆ ಕೊಟ್ಟಿಲ್ಲ.

ಹಾಗೆಂದು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ.

*ನಾಲ್ಕೇ ಶೀಲ ಹೇಳುತ್ತಿದ್ದವನು*

ನಮ್ಮಪ್ಪ ತಮಟೆ ಬಡಿಯುತ್ತಿದ್ದರು. ಊರೊಳಗೆ ಯಾರು ಸತ್ತರೂ ಕೇರಿಗೆ ಕರೆ ಬರುತ್ತಿತ್ತು. ಕೂಲಿ ಅಂದರೆ ಸ್ವಲ್ಪ ದುಡ್ಡು, ಸ್ವಲ್ಪ ಸಾರಾಯಿ. ಬಿಸಿಲಲ್ಲಿ ಹೆಣದ ಮುಂದೆ ಗಂಟೆಗಟ್ಟಲೆ ಕುಣಿಯುತ್ತಾ ಬಡಿಯುವವನಿಗೆ ಯಾರೂ ಊಟ ಆಯ್ತಾ ಅಂತ ಕೇಳುತ್ತಿರಲಿಲ್ಲ. ಸಾರಾಯಿ ಮಾತ್ರ ತಪ್ಪುತ್ತಿರಲಿಲ್ಲ. ಮುಟ್ಟಿಸಿಕೊಳ್ಳದವರು ದೂರ ನಿಂತು ಮೇಲಿಂದ ಸುರಿಯುತ್ತಿದ್ದರು. ಅಪ್ಪನ ಜೊತೆ ಹೋಗುತ್ತಿದ್ದ ನಾನು ಕುಡಿಯಲು ಕಲಿತದ್ದು ಅಲ್ಲೇ, ಹದಿನಾರನೇ ವಯಸ್ಸಿನಲ್ಲಿ. ನಮ್ಮವರ ಕುಡಿತವನ್ನು ಬರೀ ಚಟ ಎಂದು ಬಯ್ಯುವವರು ಇದನ್ನು ನೆನಪಿಡಬೇಕು. ಹೊಲಸು ಕೆಲಸ ಮಾಡಿಸಿಕೊಂಡು, ಅದರ ನಾಚಿಕೆ ನೋವು ತಿಳಿಯದಿರಲಿ ಎಂದು ಕುಡಿಸುವುದು ಜಾತಿಯದೇ ಒಂದು ಪದ್ಧತಿ. ಅಪ್ಪನಿಗೆ ಸುರಿದದ್ದು ಉಪಕಾರವೆಂದು ನಾನು ಬಹಳ ವರ್ಷ ನಂಬಿದ್ದೆ.

ಮುಂದೆ ನನಗೆ ಲೈನ್‌ಮ್ಯಾನ್ ಕೆಲಸ ಸಿಕ್ಕಿತು. ತಮಟೆ ಬಿಟ್ಟೆ, ಕುಡಿತ ಬಿಡಲಿಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ನಾನು ನಿಲ್ಲಲಿಲ್ಲ. ಪ್ಯಾಕೆಟ್ ಹೋಯಿತು, ಕ್ವಾರ್ಟರ್ ಬಂತು. 2010ರಲ್ಲಿ ಧಮ್ಮ ದೀಕ್ಷೆ ತೆಗೆದುಕೊಂಡೆ. ಮನೆಯ ದೇವರ ಫೋಟೋಗಳನ್ನು ಇಳಿಸಿದೆ, ಬುದ್ಧ ಮತ್ತು ಬಾಬಾಸಾಹೇಬರನ್ನು ಇಟ್ಟೆ. ಸಂಜೆಯ ಕ್ವಾರ್ಟರ್ ಮಾತ್ರ ಹಾಗೇ ಉಳಿಯಿತು.

ಸಿಗಾಲೋವಾದ ಸುತ್ತದಲ್ಲಿ ಭಗವಾನರು ಕುಡಿತದ ಆರು ಹಾನಿಗಳನ್ನು ಎಣಿಸಿ ಹೇಳುತ್ತಾರೆ: ಕಣ್ಣೆದುರೇ ಹಣ ಕರಗುವುದು, ಜಗಳ ಹೆಚ್ಚುವುದು, ರೋಗ, ಹೆಸರು ಕೆಡುವುದು, ಮಾನ ಹೋಗುವುದು, ಬುದ್ಧಿ ಮಂಕಾಗುವುದು. ಅಭ್ಯಾಸ ವರ್ಗದಲ್ಲಿ ಈ ಆರನ್ನೂ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದವನು ನಾನೇ. ಆ ತಿಂಗಳು ಮಗಳ ಸ್ಕೂಲ್ ಫೀಸ್ ಕಟ್ಟಿರಲಿಲ್ಲ.

2016ರ ಒಂದು ಭಾನುವಾರ ವಿಹಾರದಿಂದ ಬರುವಾಗ ಬೈಕಿನ ಹಿಂದೆ ಕೂತಿದ್ದ ಮಗಳು ಕೇಳಿದಳು. "ಅಪ್ಪಾ, ನೀನ್ಯಾಕೆ ನಾಲ್ಕೇ ಶೀಲ ಹೇಳ್ತೀಯಾ? ಐದನೇದು ಬಂದಾಗ ಬರೀ ತುಟಿ ಆಡಿಸ್ತೀಯಾ." ಅವಳು ಐದನೇ ಕ್ಲಾಸು. ಎಷ್ಟು ವಾರದಿಂದ ನೋಡುತ್ತಿದ್ದಳೋ. ನಾನು ಉತ್ತರ ಕೊಡಲಿಲ್ಲ. ಮಾರನೆಯ ದಿನ ಕಂಬದ ಮೇಲೆ ಕೈ ನಡುಗಿತು. ಕೆಳಗಿಳಿದು, ಜೊತೆಗಿದ್ದ ಹಿರಿಯರೊಬ್ಬರಿಗೆ ಮೊದಲ ಸಲ ನಿಜ ಹೇಳಿದೆ: "ನನಗೆ ಬಿಡೋಕಾಗ್ತಿಲ್ಲ." ಅವರು ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮುಂದಿನ ಮೂರು ತಿಂಗಳು ದಿನಾ ಸಂಜೆ ಆರಕ್ಕೆ ನಮ್ಮ ಮನೆಗೆ ಬಂದು, ಟೀ ಕುಡಿದು, ಎಂಟಕ್ಕೆ ಎದ್ದು ಹೋಗುತ್ತಿದ್ದರು. ಉಪದೇಶ ಮಾಡಿದ್ದೇ ನೆನಪಿಲ್ಲ. ನಾನು ಬಿಟ್ಟದ್ದು ಹಾಗೆ.

*ಸಾಗತ ಭಿಕ್ಷುವಿನ ಕಥೆ*

ಐದನೆಯ ಶೀಲದ ಮಾತು ಬಂದಾಗ ನನಗೆ ನೆನಪಾಗುವವರು ಸಾಗತ ಥೇರರು. ವಿನಯ ಪಿಟಕದ 51ನೇ ಪಾಚಿತ್ತಿಯ ನಿಯಮ ಹುಟ್ಟಿದ್ದು ಅವರಿಂದ. ಭಯಂಕರ ನಾಗನೊಂದನ್ನು ಪಳಗಿಸಿದ ಭಿಕ್ಷು ಎಂದು ಅವರಿಗೆ ಹೆಸರು ಬಂದಿತ್ತು. ಕೋಸಂಬಿಯ ಉಪಾಸಕರು ಅವರನ್ನು ಗೌರವಿಸಬೇಕೆಂದು, ಕೆಲವರು ಹೇಳಿಕೊಟ್ಟಂತೆ ಮನೆಮನೆಯಲ್ಲೂ ತಿಳಿ ಮದ್ಯ ಸಿದ್ಧ ಮಾಡಿಟ್ಟರು. ಪಿಂಡಪಾತಕ್ಕೆ ಬಂದ ಸಾಗತರು ಮನೆಮನೆಯಲ್ಲೂ ಕುಡಿದರು. ನಗರ ಬಿಟ್ಟು ಹೊರಡುವಾಗ ಬಾಗಿಲ ಬಳಿಯೇ ಬಿದ್ದರು.

ಅದೇ ದಾರಿಯಲ್ಲಿ ಬಂದ ಭಗವಾನರು ಅವರನ್ನು ನೋಡಿದರು. ಎತ್ತಿಕೊಳ್ಳಿರೆಂದು ಭಿಕ್ಷುಗಳಿಗೆ ಹೇಳಿದರು. ಆರಾಮಕ್ಕೆ ತಂದು, ತಲೆ ಭಗವಾನರ ಕಡೆಗೆ ಇರುವಂತೆ ಮಲಗಿಸಿದರು. ಸಾಗತರು ಹೊರಳಿ, ಕಾಲನ್ನೇ ಭಗವಾನರ ಕಡೆಗೆ ಚಾಚಿದರು. ಆಗ ಭಗವಾನರು ಕೇಳಿದ್ದು ಪ್ರಶ್ನೆಗಳನ್ನು: ಈತ ಮೊದಲು ನಮ್ಮನ್ನು ಗೌರವಿಸುತ್ತಿರಲಿಲ್ಲವೇ? ಈಗ ಗೌರವಿಸುತ್ತಿದ್ದಾನೆಯೇ? ನಾಗನನ್ನು ಗೆದ್ದವನು ಈಗ ಒಂದು ನೀರುಹಾವನ್ನಾದರೂ ಎದುರಿಸಬಲ್ಲನೇ? ಆಮೇಲೆ ಮದ್ಯ ಕೂಡದೆಂಬ ನಿಯಮ ಮಾಡಿದರು.

ಇದರಿಂದ ನಾನು ಕಲಿತದ್ದು ಮೂರು. ಒಂದು, ಎಂಥ ಬಲಶಾಲಿಯೂ ಬೀಳಬಹುದು. ಎರಡು, ಕುಡಿಸಿದವರು ವೈರಿಗಳಲ್ಲ, ಪ್ರೀತಿಯಿಂದ ಕುಡಿಸಿದರು. ಮೂರು, ಬಿದ್ದವನನ್ನು ಬಾಗಿಲಲ್ಲೇ ಬಿಟ್ಟು ಹೋಗಲಿಲ್ಲ. ಮೊದಲು ಎತ್ತಿಕೊಂಡು ಬಂದರು, ನಿಯಮ ಆಮೇಲೆ ಬಂತು. ಇದೇ ಸಾಗತರ ಹೆಸರು ಅಂಗುತ್ತರ ನಿಕಾಯದಲ್ಲಿ ಅಗ್ರ ಶ್ರಾವಕರನ್ನು ಎಣಿಸುವ ಕಡೆ, ತೇಜೋಧಾತುವಿನಲ್ಲಿ ಕುಶಲರು ಎಂದು ಬಂದಿದೆ.

*ನಾವು ಮಾಡಿದ ತಪ್ಪು*

ಕೆಲವು ವರ್ಷಗಳ ಹಿಂದೆ ನಮ್ಮ ಬಳಗಕ್ಕೆ ಒಬ್ಬ ಹುಡುಗ ಬಂದ. ಚರಂಡಿ ಕೆಲಸ. "ವಾಸನೆ ತಡೆಯೋಕೆ ಬೆಳಿಗ್ಗೆನೇ ಹಾಕ್ಬೇಕು ಅಣ್ಣ" ಅನ್ನುತ್ತಿದ್ದ. ಅಕ್ಟೋಬರ್ 14ರಂದು ಎಲ್ಲರೆದುರು ಅವನಿಂದ ಪ್ರತಿಜ್ಞೆ ಮಾಡಿಸಿದೆವು, ಚಪ್ಪಾಳೆ ತಟ್ಟಿದೆವು, ಫೋಟೋ ಹಾಕಿದೆವು. ಎರಡನೇ ದಿನ ರಾತ್ರಿ ಅವನಿಗೆ ಫಿಟ್ಸ್ ಬಂತು. ಅವನ ಹೆಂಡತಿ ಕೂಗಿಕೊಂಡದ್ದಕ್ಕೆ ಅಕ್ಕಪಕ್ಕದವರು ಬಂದು ಆಟೋದಲ್ಲಿ ಆಸ್ಪತ್ರೆಗೆ ಹಾಕಿದರು. ಉಳಿದ.

ಡಾಕ್ಟರ್ ನಮ್ಮನ್ನು ಕೂರಿಸಿ ಹೇಳಿದರು. ದಿನವೂ ಹೆಚ್ಚು ಕುಡಿಯುವವರ ನರಮಂಡಲ ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತವೆ. ಕೆಲವರಿಗೆ ಫಿಟ್ಸ್ ಬರುತ್ತದೆ, ಇಲ್ಲದ್ದು ಕಾಣಿಸುತ್ತದೆ, ದಿಕ್ಕು ತಪ್ಪುತ್ತದೆ. ಮೊದಲ ಮೂರು ನಾಲ್ಕು ದಿನ ಜೀವಕ್ಕೇ ಅಪಾಯ ಇರಬಹುದು. ಆಸ್ಪತ್ರೆಯಲ್ಲಿ ಔಷಧಿ ಮತ್ತು ಬಿ1 ವಿಟಮಿನ್ ಕೊಟ್ಟು ಇದನ್ನು ದಾಟಿಸಬಹುದು. ನಾನೇ ಆಸ್ಪತ್ರೆಯ ದಾರಿಯಲ್ಲಿ ಬಿಟ್ಟವನು. ಆದರೂ ಅವನಿಗೆ ಪ್ರತಿಜ್ಞೆಯೊಂದೇ ಸಾಕು ಎಂದುಕೊಂಡಿದ್ದೆ. ಪರೀಕ್ಷಿಸಿ ನಂಬಿ ಎಂದ ಬುದ್ಧನ ಹೆಸರಿನಲ್ಲಿ ನಾನು ಮಾಡಿದ್ದು ಹರಕೆ ಹೊರಿಸುವ ಕೆಲಸ.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ಐದು ತಿಂಗಳ ನಂತರ ಅವನು ಮತ್ತೆ ಕುಡಿದ. ಯಾರೋ ಗ್ರೂಪಿನಲ್ಲಿ ಹಾಕಿದರು. "ಇಂಥವರಿಂದ ಧಮ್ಮಕ್ಕೆ ಕೆಟ್ಟ ಹೆಸರು" ಎಂದು ಒಬ್ಬರು ಬರೆದರು, ಹತ್ತು ಜನ ಹೆಬ್ಬೆಟ್ಟು ಒತ್ತಿದರು. ಗ್ರೂಪಿನಿಂದ ಅವನನ್ನು ತೆಗೆದವನು ನಾನು. ಆರು ವರ್ಷ ತುಟಿ ಆಡಿಸಿ ಮೋಸ ಮಾಡಿದವನಿಗೆ ಒಂದು ರಾತ್ರಿ ಜಾರಿದವನನ್ನು ತೆಗೆಯಲು ಒಂದು ನಿಮಿಷ ಸಾಕಾಯಿತು.

ನಾಲ್ಕು ತಿಂಗಳ ಮೇಲೆ ಮನಸ್ಸು ತಡೆಯದೆ ಅವನ ಮನೆಗೆ ಹೋದೆ. ಅವನು ಬಯ್ಯಲಿಲ್ಲ. ಒಂದೇ ಮಾತು ಹೇಳಿದ: "ಅಣ್ಣ, ಕುಡಿಯೋರು ದಿನಾ ಸಂಜೆ ಬಂದು ಕರೀತಾರೆ. ಬಿಟ್ಟೋರು ಯಾರೂ ಬಂದು ಕರೀಲಿಲ್ಲ."

ಸಿಗಾಲೋವಾದ ಸುತ್ತವನ್ನು ಆ ರಾತ್ರಿ ಮತ್ತೆ ತೆಗೆದು ಓದಿದೆ. ಮಿತ್ರನ ವೇಷದ ಶತ್ರು ಯಾರು ಎಂದು ಹೇಳುವಾಗ, ಕುಡಿತಕ್ಕೆ ಜೊತೆಗಾರನಾಗುವವನು ಎಂದಿದೆ. ಅಲ್ಲಿ ಬಳಸಿರುವುದು ಐದನೆಯ ಶೀಲದ್ದೇ ಪದಗಳು. ನಿಜವಾದ ಮಿತ್ರ ಯಾರು ಎಂದು ಹೇಳುವಾಗ, 'ಪಮತ್ತ'ನಾದವನನ್ನು, ಅಂದರೆ ಎಚ್ಚರ ತಪ್ಪಿದವನನ್ನು ಕಾಯುವವನು ಎಂದಿದೆ. ಶೀಲದಲ್ಲಿ 'ಪಮಾದ', ಗೆಳೆತನದಲ್ಲಿ 'ಪಮತ್ತ', ಎರಡೂ ಒಂದೇ ಮಾತು. ಎಚ್ಚರವಾಗಿರುವವನ ಜೊತೆ ಎಚ್ಚರವಾಗಿರುವುದು ಸುಲಭ. ಎಚ್ಚರ ತಪ್ಪಿದವನ ಪಕ್ಕ ನಿಲ್ಲುವವನನ್ನೇ ಭಗವಾನರು ಮಿತ್ರ ಎಂದು ಕರೆದರು.

*ಈಗ ನಾವು ಪಾಲಿಸುತ್ತಿರುವುದು*

1. ದಿನವೂ ಕುಡಿಯುವವರು ಬಿಡುತ್ತೇನೆ ಎಂದರೆ ಮೊದಲು ಡಾಕ್ಟರ ಹತ್ತಿರ, ಆಮೇಲೆ ಪ್ರತಿಜ್ಞೆ. ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ನಮ್ಮಲ್ಲೊಬ್ಬರು ಜೊತೆಗೆ ಹೋಗುತ್ತೇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗ ಇದೆ. ವ್ಯಸನಮುಕ್ತಿ ಸಹಾಯವಾಣಿ 14446, ಮನಸ್ಸಿನ ಕಷ್ಟಕ್ಕೆ ಟೆಲಿಮಾನಸ್ 14416.

2. ಊಟದಲ್ಲಿ ಕದ್ದು ಬೆರೆಸುವ 'ಕುಡಿತ ಬಿಡಿಸುವ ಪುಡಿ' ಬೇಡ. ಗೊತ್ತಿಲ್ಲದೆ ಕೊಟ್ಟ ಔಷಧಿಯ ಮೇಲೆ ಅವರು ಕುಡಿದರೆ ಪ್ರಾಣಕ್ಕೆ ಅಪಾಯ ಆಗಬಹುದು.

3. ಸಂಜೆ ಆರರಿಂದ ಎಂಟು ಗಂಟೆ ಕಾಯುವ ಹೊತ್ತು. ಆಸೆ ಅಲೆಯಂತೆ ಏರುತ್ತದೆ, ಇಳಿಯುತ್ತದೆ. ನನ್ನ ಅನುಭವದಲ್ಲಿ ಅರ್ಧ ಗಂಟೆ ಯಾರಾದರೂ ಜೊತೆಗಿದ್ದರೆ ದಾಟುತ್ತದೆ. ಆಗ ಫೋನ್ ಮಾಡಿ, ಹೋಗಿ ಕೂರಿ, ಉಸಿರಾಟ ಗಮನಿಸುತ್ತಾ ಜೊತೆಗಿರಿ.

4. ಸಾವಿಗೆ, ಮದುವೆಗೆ, ಏಪ್ರಿಲ್ 14ರ ಮೆರವಣಿಗೆಗೆ ನಮ್ಮ ಕೈಯಿಂದ ಯಾರಿಗೂ ಕುಡಿಸುವುದಿಲ್ಲ. ಬಿಟ್ಟವನಿಗೆ "ಇವತ್ತೊಂದು ದಿನ" ಅನ್ನುವುದಿಲ್ಲ. ಕೋಸಂಬಿಯವರ ಪ್ರೀತಿ ನಮಗೆ ಬೇಡ.

5. ಹೆಣ್ಣುಮಕ್ಕಳಿಗೆ "ಸಹಿಸಿಕೊಳ್ಳಮ್ಮ" ಎಂದು ಯಾರೂ ಹೇಳಕೂಡದು. ಹೊಡೆತ ಇದ್ದರೆ ಮೊದಲು ಅವರ ಮತ್ತು ಮಕ್ಕಳ ರಕ್ಷಣೆ. 112ಕ್ಕೆ ಕರೆ ಮಾಡಿ, ನಮಗೂ ತಿಳಿಸಿ. ಗಂಡನ ಮೇಲಿನ ಕರುಣೆ ಅಂದರೆ ಅವನ ಏಟು ತಿನ್ನುವುದಲ್ಲ.

6. ಯಾರು ಕುಡಿದರು ಎಂಬ ಸುದ್ದಿ, ಫೋಟೋ ಈ ಗ್ರೂಪಿನಲ್ಲಿ ಬರಕೂಡದು. ಜಾರಿದವರ ಮನೆಗೆ ಅದೇ ವಾರ ಇಬ್ಬರು ಹೋಗಬೇಕು.

ಆ ಹುಡುಗ ಈಗ ಭಾನುವಾರ ಬರುತ್ತಿದ್ದಾನೆ. ನಡುವೆ ಎರಡು ಸಲ ಜಾರಿದ. ಈಗ ಏಳು ತಿಂಗಳಾಯಿತು. ಮುಂದೇನೆಂದು ನಾನು ಹೇಳಲಾರೆ, ಅವನೂ ಹೇಳುವುದಿಲ್ಲ. ಚರಂಡಿಯ ಕೆಲಸ ಹಾಗೇ ಇದೆ. ಬೇರೆ ಕೆಲಸಕ್ಕೆ ಅರ್ಜಿ ಹಾಕಿಸಿದ್ದೇವೆ. ಆ ವಾಸನೆಯಲ್ಲೇ ಅವನನ್ನು ಬಿಟ್ಟು ಕುಡಿಯಬೇಡ ಎನ್ನುವುದು ಅರ್ಧ ಮಾತು.

ತಂಗಿ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ನಿಮ್ಮ ಯಜಮಾನರು ಎರಡು ತಿಂಗಳು ಎಚ್ಚರವಾಗಿದ್ದದ್ದು ಸುಳ್ಳಲ್ಲ. ಒಂದು ರಾತ್ರಿ ತಪ್ಪಿದ್ದೂ ಸುಳ್ಳಲ್ಲ. ಶೀಲವನ್ನು ನಾವು ಪ್ರತಿ ಭಾನುವಾರ ಹೊಸದಾಗಿ ತೆಗೆದುಕೊಳ್ಳುವುದೇ ಅದಕ್ಕೆ. ಈ ವಾರ ನೀವು ಅವರನ್ನು ಎಳೆದು ತರುವುದು ಬೇಡ. ಶನಿವಾರ ಸಂಜೆ ಆರಕ್ಕೆ ನಾನೂ ಆ ಹುಡುಗನೂ ನಿಮ್ಮ ಮನೆಗೆ ಬರುತ್ತೇವೆ. ಟೀಗೆ ನೀರಿಡಿ.

*ಇಂದಿನ ಅಭ್ಯಾಸ:* ಬಿಡಲು ಹೆಣಗುತ್ತಿರುವ ಒಬ್ಬರನ್ನು ನೆನಪಿಸಿಕೊಳ್ಳಿ. ಇಂದು ಸಂಜೆ ಅವರಿಗೆ ಫೋನ್ ಮಾಡಿ. ಕುಡಿತದ ಮಾತೇ ಬೇಡ. "ಊಟ ಆಯ್ತಾ?" ಎಂದು ಕೇಳಿ. ಹೆಣಗುತ್ತಿರುವವರು ನೀವೇ ಆಗಿದ್ದರೆ, ಒಬ್ಬರಿಗೆ ನಿಜ ಹೇಳಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.
ಜೈಭೀಮ್.